ಅರಬ್ಬಿ ಸಮುದ್ರದ ತಿಮಿಂಗಿಲಗಳ ಲೆಕ್ಕ ಕೊಡಿ: ಒಂದು ಬಹಿರಂಗ ಪತ್ರ

ಇವರಿಗೆ:
ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ
ಪಶ್ಚಿಮ ಕರಾವಳಿ ರಾಜ್ಯಗಳ ಅರಣ್ಯ ಹಾಗೂ ಮೀನುಗಾರಿಕೆ ಇಲಾಖೆಗಳು

ಮಾನ್ಯರೇ,

2017ರ ನವೆಂಬರ್‌ನಲ್ಲಿ ಒಮಾನ್ ಕರಾವಳಿಯಲ್ಲಿ ವಿಜ್ಞಾನಿಗಳು ಒಂದು ಹೆಣ್ಣು ಗೂನುಬೆನ್ನಿನ ತಿಮಿಂಗಿಲಕ್ಕೆ ಉಪಗ್ರಹದ ಮೂಲಕ ಜಾಡು ತಿಳಿಸುವ ಪುಟ್ಟ ಸಾಧನವನ್ನು ತೊಡಿಸಿದರು. ಅದಕ್ಕೆ ಲುಬಾನ್ ಎಂದು ಹೆಸರಿಟ್ಟರು. ಅರಬಿಯಲ್ಲಿ ಹಾಗೆಂದರೆ ಒಮಾನಿನ ಹೆಸರಾಂತ ಧೂಪ. ಮುಂದಿನ ವಾರಗಳಲ್ಲಿ ಲುಬಾನ್ ಅರಬ್ಬಿ ಸಮುದ್ರವನ್ನು ಅಡ್ಡಲಾಗಿ ಈಜಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಗೋವಾದ ಆಚೆಯಿಂದ ದಕ್ಷಿಣಕ್ಕೆ ತಿರುಗಿ, ಕೊಚ್ಚಿಯನ್ನು ದಾಟಿ, ಭಾರತದ ತುದಿಯವರೆಗೆ ಹೋಗಿ, ಬಂದ ಕಡೆಗೇ ಹೊರಳಿತು. ಎಂದರೆ ಕಾರವಾರದಿಂದ ಮಂಗಳೂರಿನವರೆಗಿನ ತೀರದಾಚೆ, ನಮ್ಮ ದೋಣಿಗಳು ದಿನವೂ ಬಲೆ ಬೀಸುವ ಅದೇ ಸಮುದ್ರದಲ್ಲಿ ಅದು ಹಾದುಹೋಗಿದೆ. ಅರಬ್ಬಿ ಸಮುದ್ರದ ಒಂದು ಗೂನುಬೆನ್ನಿನ ತಿಮಿಂಗಿಲ ಒಂದು ದಡದಿಂದ ಇನ್ನೊಂದು ದಡಕ್ಕೆ ಬಂದದ್ದು ದಾಖಲೆಯಾದದ್ದು ಅದೇ ಮೊದಲು. ದಾಖಲಿಸಿದವರು ಆ ದಡದವರು, ನಾವಲ್ಲ.

ಈ ಪತ್ರ ಬರೆಯಲು ಕಾರಣ ಇದೇ. ಈ ತಿಮಿಂಗಿಲಗಳನ್ನು ಕಾಪಾಡುತ್ತಿದ್ದೇವೆ ಎಂದು ನೀವು ಹೇಳುತ್ತಿದ್ದೀರಿ. ಆ ಕೆಲಸ ಫಲ ಕೊಟ್ಟಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ, ಅಳೆಯುವವರು ಯಾರು, ಅಳೆದದ್ದನ್ನು ನಮಗೆ ತೋರಿಸುವುದು ಯಾವಾಗ ಎಂಬುದು ನನ್ನ ಪ್ರಶ್ನೆ.

ಓದುಗರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಜಗತ್ತಿನ ಉಳಿದೆಲ್ಲ ಕಡೆಯ ಗೂನುಬೆನ್ನಿನ ತಿಮಿಂಗಿಲಗಳು ವಲಸೆ ಹೋಗುತ್ತವೆ. ತಣ್ಣನೆಯ ಧ್ರುವದ ಕಡಲಿನಲ್ಲಿ ಮೇಯುತ್ತವೆ, ಬೆಚ್ಚನೆಯ ಕಡಲಿಗೆ ಬಂದು ಮರಿ ಹಾಕುತ್ತವೆ. ಅರಬ್ಬಿ ಸಮುದ್ರದವು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅವುಗಳ ಊಟವೂ ಇಲ್ಲೇ, ಬಾಣಂತನವೂ ಇಲ್ಲೇ. ಇದನ್ನು ಸಾಧ್ಯವಾಗಿಸಿರುವುದು ನಮ್ಮ ಮುಂಗಾರು. ನೈಋತ್ಯ ಮಾರುತ ಬೀಸುವಾಗ ಮೇಲಿನ ನೀರು ಸರಿದು, ಆಳದ ತಣ್ಣನೆಯ, ಸತ್ವ ತುಂಬಿದ ನೀರು ಮೇಲೆದ್ದು ಬರುತ್ತದೆ. ಅದರಲ್ಲಿ ಸೂಕ್ಷ್ಮ ಸಸ್ಯಗಳು ಹುಟ್ಟುತ್ತವೆ, ಅವುಗಳ ಬೆನ್ನಿಗೆ ಸೀಗಡಿಯಂಥ ಜೀವಿಗಳು, ಬೂತಾಯಿಯಂಥ ಮೀನುಗಳು. ನಮ್ಮ ಗದ್ದೆಗೆ ಮಳೆ ತರುವ ಗಾಳಿಯೇ ಈ ತಿಮಿಂಗಿಲಗಳಿಗೆ ಊಟ ಬಡಿಸುತ್ತದೆ. ವಂಶವಾಹಿಗಳ ಅಧ್ಯಯನದ ಪ್ರಕಾರ ಈ ಗುಂಪು ಸುಮಾರು 70,000 ವರ್ಷಗಳಿಂದ ಬೇರೆ ಯಾವ ಗುಂಪಿನೊಂದಿಗೂ ಬೆರೆಯದೆ ಪ್ರತ್ಯೇಕವಾಗಿ ಉಳಿದಿದೆ. ಇವು ಹೋದರೆ ಅಂಟಾರ್ಕ್ಟಿಕದಿಂದ ಬೇರೆ ತಿಮಿಂಗಿಲಗಳು ಬಂದು ಜಾಗ ತುಂಬುತ್ತವೆ ಎಂದು ಯಾರೂ ಭಾವಿಸಬೇಕಿಲ್ಲ.

ಎಷ್ಟು ಉಳಿದಿವೆ? ಬಾಲದ ರೆಕ್ಕೆಯ ಅಡಿಭಾಗದಲ್ಲಿರುವ ಕಪ್ಪು ಬಿಳುಪು ಚಿತ್ತಾರ ಒಂದೊಂದು ತಿಮಿಂಗಿಲಕ್ಕೂ ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ. ಆ ಫೋಟೋಗಳನ್ನು ಒಂದಕ್ಕೊಂದು ಹೋಲಿಸಿ ಒಮಾನ್ ತೀರದಲ್ಲಿ ಎಣಿಸಿದಾಗ ಸಿಕ್ಕ ಅಂದಾಜು 82. ಅದೂ 2000ದಿಂದ 2004ರ ನಡುವೆ ತೆಗೆದ ಫೋಟೋಗಳಿಂದ ಬಂದದ್ದು. ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಗುಂಪು 2008ರಿಂದ ಅಳಿವಿನಂಚಿನ ಸಾಲಿನಲ್ಲಿದೆ.

ಇಷ್ಟು ಕಡಿಮೆಯಾಗಲು ಏನು ಕಾರಣ ಎಂಬುದರಲ್ಲಿ ಒಂದು ಭಾಗ ನಮಗೆ ಚೆನ್ನಾಗಿ ಗೊತ್ತಿದೆ. ಗೊತ್ತಾದ ಬಗೆಯೇ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. 1966ರ ನವೆಂಬರ್‌ನಲ್ಲಿ ಸೋವಿಯತ್ ಒಕ್ಕೂಟದ ಬೇಟೆ ಹಡಗುಗಳು ಅಂತಾರಾಷ್ಟ್ರೀಯ ನಿಯಮಗಳನ್ನು ಗಾಳಿಗೆ ತೂರಿ ಒಮಾನ್, ಪಾಕಿಸ್ತಾನ ಮತ್ತು ಭಾರತದ ತೀರಗಳಾಚೆ ಈ ತಿಮಿಂಗಿಲಗಳನ್ನು ಕೊಂದವು. ಹಿಂದಿನ ವರ್ಷ ಕೊಂದ ನಾಲ್ಕನ್ನೂ ಸೇರಿಸಿದರೆ ಒಟ್ಟು 242. ಹೊರಜಗತ್ತಿಗೆ ಒಪ್ಪಿಸಿದ್ದು ಸುಳ್ಳು ಲೆಕ್ಕ. ಆದರೆ ಹಡಗಿನಲ್ಲಿದ್ದ ಜೀವವಿಜ್ಞಾನಿಗಳು ನಿಜವಾದ ಲೆಕ್ಕವನ್ನು ಇಟ್ಟುಕೊಂಡರು: ಯಾವ ಲಿಂಗ, ಎಷ್ಟು ಉದ್ದ, ಹೊಟ್ಟೆಯಲ್ಲಿ ಏನು ಮೇವು, ಗರ್ಭದಲ್ಲಿ ಎಷ್ಟು ದೊಡ್ಡ ಭ್ರೂಣ. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1990ರ ದಶಕದಲ್ಲಿ, ಆ ಟಿಪ್ಪಣಿಗಳು ಬೆಳಕಿಗೆ ಬಂದವು. ಈ ತಿಮಿಂಗಿಲಗಳು ಉತ್ತರಾರ್ಧ ಗೋಳದ ಋತುಮಾನಕ್ಕೆ ತಕ್ಕಂತೆ ಮರಿ ಹಾಕುತ್ತವೆ, ಆದ್ದರಿಂದ ಅಂಟಾರ್ಕ್ಟಿಕದಿಂದ ಬಂದ ಅತಿಥಿಗಳಲ್ಲ ಎಂಬ ತೀರ್ಮಾನಕ್ಕೆ ದೊಡ್ಡ ಆಧಾರ ಸಿಕ್ಕಿದ್ದು ಆ ಭ್ರೂಣಗಳ ಅಳತೆಯಿಂದ.

ಕೊಂದವರ ಬಳಿ ಅಷ್ಟು ಕರಾರುವಾಕ್ಕಾದ ಪುಸ್ತಕವಿತ್ತು. ಕಾಯಲು ಹೊರಟ ನಮ್ಮ ಬಳಿ ಅಂಥ ಪುಸ್ತಕ ಎಲ್ಲಿದೆ?

ನೀವು ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ, ಹುಲಿ ಆನೆಗಳ ಸಾಲಿನಲ್ಲೇ ತಿಮಿಂಗಿಲಕ್ಕೂ ಜಾಗವಿದೆ. 2018ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪುನಶ್ಚೇತನ ಕಾರ್ಯಕ್ರಮಕ್ಕೆ ಹೊಸದಾಗಿ ಸೇರಿಸಿದ ನಾಲ್ಕು ಪ್ರಾಣಿಗಳಲ್ಲಿ ಅರಬ್ಬಿ ಸಮುದ್ರದ ಗೂನುಬೆನ್ನಿನ ತಿಮಿಂಗಿಲವೂ ಒಂದು. ವಲಸೆ ಪ್ರಾಣಿಗಳ ಅಂತಾರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ 2017ರಲ್ಲಿ ಮನಿಲಾದಲ್ಲಿ ಈ ತಿಮಿಂಗಿಲಕ್ಕಾಗಿ ಜಂಟಿ ಕ್ರಮಕ್ಕೆ ಒಪ್ಪಿಗೆಯಾಯಿತು. ಅದೇ ಒಪ್ಪಂದದ ಮುಂದಿನ ಮಹಾಸಭೆಯನ್ನು 2020ರಲ್ಲಿ ನಾವೇ ಗಾಂಧಿನಗರದಲ್ಲಿ ನಡೆಸಿದೆವು. 2021ರ ಜನವರಿಯಲ್ಲಿ, ದಡಕ್ಕೆ ಬಿದ್ದ ಕಡಲಪ್ರಾಣಿಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಮಾರ್ಗಸೂಚಿಯನ್ನು ನಿಮ್ಮ ಸಚಿವಾಲಯ ಹೊರತಂದಿತು. ನಾನು ಅದನ್ನು ಓದಿದ್ದೇನೆ, ಒಳ್ಳೆಯ ಕೆಲಸ. ಇನ್ನು ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ 1979ರಲ್ಲೇ ಘೋಷಿಸಿದೆ.

ಆದರೆ ಇವೆಲ್ಲ ನಾವು ಮಾಡಿದ ಕೆಲಸಗಳ ಪಟ್ಟಿ. ತಿಮಿಂಗಿಲಕ್ಕೆ ಏನಾಯಿತು ಎಂಬುದು ಇದರಲ್ಲಿ ಎಲ್ಲೂ ಇಲ್ಲ. ಅಭಯಧಾಮ ತಡೆದದ್ದು ಈಟಿಯನ್ನು. ಇಂದು ಇವುಗಳನ್ನು ಕೊಲ್ಲುತ್ತಿರುವುದು ಈಟಿಯಲ್ಲ, ಬಲೆ ಮತ್ತು ಹಡಗು. ಒಮಾನ್ ತೀರದಲ್ಲಿ ಬಾಲದ ಬುಡದ ಫೋಟೋ ಸಿಕ್ಕ ತಿಮಿಂಗಿಲಗಳಲ್ಲಿ ನೂರಕ್ಕೆ 30ರಿಂದ 40ರಷ್ಟರ ಮೈಮೇಲೆ ಬಲೆಗೆ ಸಿಕ್ಕಿ ಬಿಡಿಸಿಕೊಂಡ ಗಾಯದ ಗುರುತುಗಳಿದ್ದವು. ಇವು ಬದುಕಿ ಉಳಿದವು. ಬಿಡಿಸಿಕೊಳ್ಳಲಾಗದವುಗಳ ಫೋಟೋ ತೆಗೆಯಲು ಯಾರಿಗೂ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತೀರದಲ್ಲಿ ಒಂದು ಸತ್ತ ತಿಮಿಂಗಿಲವನ್ನು ನಾನು ಕಂಡೆ. ಊರಿನ ಹೆಸರು ಬೇಡ. ಯಾರನ್ನೂ ದೂರುವ ಉದ್ದೇಶ ನನ್ನದಲ್ಲ. ನಸುಕಿನಲ್ಲಿ ಅಲೆಗಳು ಅದನ್ನು ಮರಳಿಗೆ ತಂದು ಮಲಗಿಸಿದ್ದವು. ಒಂಬತ್ತು ಗಂಟೆಯ ಹೊತ್ತಿಗೆ ಜಾತ್ರೆಯಂತೆ ಜನ ಸೇರಿದರು. ಮಕ್ಕಳು ಅದರ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದರು. ಒಬ್ಬ ವೃದ್ಧ ಮೀನುಗಾರ ಹೆಗಲಿನ ಬೈರಾಸು ತೆಗೆದು ಅದಕ್ಕೆ ಕೈಮುಗಿದ. ಬಾಲದ ಬುಡದಲ್ಲಿ ಹಗ್ಗ ಸುತ್ತಿದಂಥ ಒಂದು ಬರೆ ಇತ್ತು. ಅದು ಸಾಯುವ ಮೊದಲು ಆದದ್ದೋ, ಸತ್ತ ಮೇಲೆ ಎಳೆದಾಗ ಆದದ್ದೋ ಎಂದು ನಾನು ಹೇಳಲಾರೆ, ಏಕೆಂದರೆ ನಾನು ವೈದ್ಯನಲ್ಲ. ಮಧ್ಯಾಹ್ನದ ಹೊತ್ತಿಗೆ ಯಂತ್ರ ಬಂತು, ಗುಂಡಿ ತೋಡಿತು, ಸಂಜೆಯೊಳಗೆ ಮರಳು ಸಮತಟ್ಟಾಯಿತು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು, ಉದ್ದ ಇಷ್ಟು ಅಡಿ ಎಂದು. ಅದು ಯಾವ ಜಾತಿಯ ತಿಮಿಂಗಿಲ, ಗಂಡೋ ಹೆಣ್ಣೋ, ಏಕೆ ಸತ್ತಿತು ಎಂದು ಆಮೇಲೆ ಹಲವರನ್ನು ಕೇಳಿದೆ. ಉತ್ತರ ಇದ್ದವರು ಸಿಗಲಿಲ್ಲ. ಅಂದು ನಾವು ಮರಳಿನಡಿ ಹೂತದ್ದು ಹೆಣವೊಂದನ್ನೇ ಅಲ್ಲ, ಅದು ಹೇಳಬಹುದಾಗಿದ್ದ ಕಥೆಯನ್ನೂ ಹೂತೆವು.

ಮಾರ್ಗಸೂಚಿ ಇದೆ ಎನ್ನುತ್ತೀರಿ. ಮಾರ್ಗಸೂಚಿ ಬಂದ ಮೇಲೆ ಪಶ್ಚಿಮ ಕರಾವಳಿಯಲ್ಲಿ ದಡಕ್ಕೆ ಬಿದ್ದ ತಿಮಿಂಗಿಲಗಳಲ್ಲಿ ಎಷ್ಟಕ್ಕೆ ಶವಪರೀಕ್ಷೆ ನಡೆಯಿತು? ಎಷ್ಟರ ಚರ್ಮದ ಮಾದರಿ ಪ್ರಯೋಗಾಲಯ ತಲುಪಿತು? ಎಷ್ಟರ ಸಾವಿಗೆ ಕಾರಣ ಬರೆಯಲಾಯಿತು? ಮಾರ್ಗಸೂಚಿಯ ಯಶಸ್ಸನ್ನು ಅಳೆಯಲು ಈ ಮೂರು ಅಂಕಿಗಳು ಸಾಕು. ಅವು ರಾಜ್ಯವಾರು, ವರ್ಷವಾರು ಒಂದೇ ಪುಟದಲ್ಲಿ ಸಾರ್ವಜನಿಕರಿಗೆ ಸಿಗಬೇಕು.

ದಡಕ್ಕೆ ಬಿದ್ದದ್ದನ್ನು ಎಣಿಸಿದರೆ ಮುಗಿಯಿತೆಂದೂ ಅಲ್ಲ. ಅಮೆರಿಕ ಮತ್ತು ಕೆನಡಾದ ಪೂರ್ವ ತೀರದಲ್ಲಿ ರೈಟ್ ತಿಮಿಂಗಿಲ ಎಂಬ ಇನ್ನೊಂದು ಅಳಿವಿನಂಚಿನ ಜಾತಿಯಿದೆ. ಜಗತ್ತಿನಲ್ಲಿ ಅದರಷ್ಟು ಸೂಕ್ಷ್ಮವಾಗಿ ಎಣಿಕೆಗೆ ಒಳಪಟ್ಟ ತಿಮಿಂಗಿಲಗಳು ಬಹಳ ಕಡಿಮೆ. ಪ್ರತಿಯೊಂದಕ್ಕೂ ಸಂಖ್ಯೆಯಿದೆ, ಫೋಟೋ ಇದೆ, ವಿಮಾನಗಳು ಹಾರಿ ಹುಡುಕುತ್ತವೆ. ಅಲ್ಲಿಯೇ ಸಾವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾತ್ರ ಮನುಷ್ಯರ ಕಣ್ಣಿಗೆ ಬೀಳುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಹುಡುಕುವ ವಿಮಾನವೇ ಇಲ್ಲದ ನಮ್ಮ ತೀರದಲ್ಲಿ 'ಈ ವರ್ಷ ಒಂದೂ ಸತ್ತಿಲ್ಲ' ಎಂಬ ಮಾತಿಗೆ ಏನು ಅರ್ಥ?

ರೈಟ್ ತಿಮಿಂಗಿಲದ ಕಥೆಯಲ್ಲಿ ನಿಮಗೆ ಇನ್ನೊಂದು ಪಾಠವಿದೆ. 2008ರಲ್ಲಿ ಅಮೆರಿಕ ಆ ತೀರದ ಕೆಲವು ವಲಯಗಳಲ್ಲಿ, ಗೊತ್ತುಪಡಿಸಿದ ತಿಂಗಳುಗಳಲ್ಲಿ, ದೊಡ್ಡ ಹಡಗುಗಳು 10 ನಾಟ್ ವೇಗವನ್ನು, ಎಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರನ್ನು, ಮೀರುವಂತಿಲ್ಲ ಎಂದು ನಿಯಮ ಮಾಡಿತು. ನಿಯಮ ಒಳ್ಳೆಯದೇ. ಆದರೆ ಕಡಲು ಬೆಚ್ಚಗಾಯಿತು, ಅವುಗಳ ಮೇವು ಜಾಗ ಬದಲಿಸಿತು, ಮೇವಿನ ಹಿಂದೆ ತಿಮಿಂಗಿಲಗಳು ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ಅವುಗಳಿಗಾಗಿ ಯಾವ ಸಿದ್ಧತೆಯೂ ಇರಲಿಲ್ಲ. 2017ರ ಒಂದೇ ವರ್ಷದಲ್ಲಿ ಎರಡೂ ದೇಶಗಳಲ್ಲಿ ಸೇರಿ 17 ಸತ್ತವು, ಅವುಗಳಲ್ಲಿ 12 ಕೆನಡಾದಲ್ಲಿ. 2010ರ ಹೊತ್ತಿಗೆ 480ರ ಆಸುಪಾಸಿನಲ್ಲಿದ್ದ ಸಂಖ್ಯೆ 2020ಕ್ಕೆ ಸುಮಾರು 360ಕ್ಕೆ ಇಳಿಯಿತು. ರಕ್ಷಣೆಯ ಗೆರೆ ನಕ್ಷೆಯಲ್ಲಿ ಉಳಿದಿತ್ತು, ತಿಮಿಂಗಿಲ ಆ ಗೆರೆಯ ಹೊರಗಿತ್ತು. ಎಣಿಕೆ ಇದ್ದುದರಿಂದ ಅವರಿಗೆ ಈ ತಪ್ಪು ತಿಳಿಯಿತು. ನಮ್ಮ ಕಡಲೂ ಬೆಚ್ಚಗಾಗುತ್ತಿದೆ, ಬೂತಾಯಿ ಒಂದು ವರ್ಷ ರಾಶಿ ಬಿದ್ದರೆ ಇನ್ನೊಂದು ವರ್ಷ ಮುಖ ತೋರಿಸುವುದಿಲ್ಲ. ಇಲ್ಲಿ ಅಂಥ ತಪ್ಪು ನಡೆದರೆ ನಮಗೆ ತಿಳಿಯುವುದೇ ಇಲ್ಲ.

ಇನ್ನು ಎಣಿಕೆಯ ವಿಚಾರದಲ್ಲೇ ಒಂದು ತೊಡಕಿದೆ, ಅದನ್ನು ನೇರವಾಗಿ ಹೇಳಬೇಕು. ಒಮಾನಿನ ಆ 82 ಎಂಬ ಅಂದಾಜಿನ ಅಂಚುಗಳು 60 ಮತ್ತು 111, ಎಂದರೆ ನಿಜವಾದ ಸಂಖ್ಯೆ ಇವೆರಡರ ನಡುವೆ ಎಲ್ಲಾದರೂ ಇದ್ದೀತು. ಇಪ್ಪತ್ತು ತಿಮಿಂಗಿಲಗಳು ಸತ್ತರೂ ಆ ಅಂಚುಗಳ ನಡುವೆಯೇ ಅಡಗಿ ಕುಳಿತಾವು. ಇಷ್ಟು ಚಿಕ್ಕ ಗುಂಪಿನಲ್ಲಿ ಸಂಖ್ಯೆ ಏರಿತೋ ಇಳಿಯಿತೋ ಎಂದು ಎಣಿಕೆಯಿಂದಷ್ಟೇ ಖಚಿತವಾಗಲು ಹಲವು ವರ್ಷಗಳೇ ಬೇಕು. ಹೆಣ್ಣು ತಿಮಿಂಗಿಲ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ರೈಟ್ ತಿಮಿಂಗಿಲಗಳು 350ಕ್ಕೂ ಹೆಚ್ಚಿದ್ದರೂ, ಮನುಷ್ಯರಿಂದಾಗುವ ಸಾವನ್ನು ಆ ಗುಂಪು ವರ್ಷಕ್ಕೆ ಒಂದರಷ್ಟೂ ತಾಳಲಾರದು ಎಂದು ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದಕ್ಕಿಂತ ಎಷ್ಟೋ ಚಿಕ್ಕದಾದ ನಮ್ಮ ಗುಂಪು ತಾಳುವುದು ಇನ್ನೂ ಕಡಿಮೆ. ಆದ್ದರಿಂದ 'ಮೊದಲು ಸಮೀಕ್ಷೆ ಮುಗಿಯಲಿ, ಆಮೇಲೆ ಕ್ರಮ' ಎಂದು ದಯವಿಟ್ಟು ಹೇಳಬೇಡಿ. ಎಣಿಕೆ ಒಂದು ಕಡೆ ನಡೆಯುತ್ತಿರಲಿ. ಅದರ ಜೊತೆಗೇ ಅಪಾಯವನ್ನು ಅಳೆಯಿರಿ: ತಿಮಿಂಗಿಲ ಸಿಕ್ಕಿಕೊಳ್ಳಬಹುದಾದ ಬಲೆ ಎಷ್ಟು ಕಿಲೋಮೀಟರ್ ಇಳಿಯುತ್ತಿದೆ, ಅದು ಕಡಿಮೆಯಾಯಿತೇ, ಹಡಗುಗಳು ಯಾವ ವೇಗದಲ್ಲಿ ಎಲ್ಲಿ ಓಡುತ್ತಿವೆ, ಅದು ಬದಲಾಯಿತೇ. ಇವುಗಳ ಉತ್ತರಕ್ಕೆ ಹತ್ತು ವರ್ಷ ಕಾಯಬೇಕಿಲ್ಲ, ಒಂದೇ ವರ್ಷದಲ್ಲಿ ಸಿಗುತ್ತದೆ.

ಬಲೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅತ್ಯಂತ ಆಸೆ ಹುಟ್ಟಿಸುವ ಸಂಗತಿ ಇರುವುದು ಅಲ್ಲಿಯೇ. ಪಾಕಿಸ್ತಾನದಲ್ಲಿ ಟ್ಯೂನಾ ಹಿಡಿಯುವ ದೋಣಿಗಳ ನಾಯಕರಿಗೇ ತರಬೇತಿ ಕೊಟ್ಟು, ಕಂಡ ತಿಮಿಂಗಿಲ, ಡಾಲ್ಫಿನ್, ಆಮೆಗಳನ್ನು ಅವರಿಂದಲೇ ಬರೆಸಿದರು. ದೋಣಿಯಲ್ಲಿ ಸರ್ಕಾರಿ ವೀಕ್ಷಕನನ್ನು ಕೂರಿಸಲು ಜಾಗವೂ ಇರುವುದಿಲ್ಲ, ಹಣವೂ ಇರುವುದಿಲ್ಲ, ಮೀನುಗಾರನೇ ವೀಕ್ಷಕನಾದ. ಅವರ ದಾಖಲೆಗಳಿಂದ ಒಂದು ಸಂಗತಿ ಹೊರಬಿತ್ತು. ಕಿವಿರಿಗೆ ಸಿಕ್ಕಿಸುವ ತೇಲುಬಲೆಯನ್ನು, ಎಂದರೆ ಗಿಲ್‌ನೆಟ್ಟನ್ನು, ನೀರಿನ ಮೇಲ್ಮೈಯಲ್ಲಿ ಬಿಡುವ ಬದಲು ಎರಡು ಮೀಟರ್ ಕೆಳಗೆ ಇಳಿಸಿದಾಗ ಅದಕ್ಕೆ ಸಿಕ್ಕಿ ಸಾಯುವ ಡಾಲ್ಫಿನ್ ಮತ್ತಿತರ ತಿಮಿಂಗಿಲ ವರ್ಗದ ಪ್ರಾಣಿಗಳ ಪ್ರಮಾಣ ಮುಕ್ಕಾಲು ಪಾಲಿನಷ್ಟು ತಗ್ಗಿತು. ಮೀನಿನ ಹಿಡಿತಕ್ಕೆ ಅದರಿಂದ ದೊಡ್ಡ ಹೊಡೆತ ಬೀಳಲಿಲ್ಲ. ಎರಡು ಮೀಟರ್, ಎಂದರೆ ಒಬ್ಬ ಎತ್ತರದ ಮನುಷ್ಯನ ಆಳ! ಇದಕ್ಕೆ ಹೊಸ ಯಂತ್ರ ಬೇಡ, ವಿದೇಶಿ ಪರಿಣತರೂ ಬೇಡ, ಹಗ್ಗದ ಉದ್ದ ಬದಲಿಸಿದರೆ ಸಾಕು. ಬಲೆಗೆ ಹೆಚ್ಚು ಸಿಕ್ಕಿದ್ದು ಡಾಲ್ಫಿನ್‌ಗಳು, ದೊಡ್ಡ ತಿಮಿಂಗಿಲಕ್ಕೂ ಇಷ್ಟೇ ಉಪಯೋಗವಾದೀತೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು, ನಿಜ. ನೋಡಿ ಎಂದೇ ಕೇಳುತ್ತಿದ್ದೇನೆ. ನಮ್ಮ ತೀರದ ನಾಲ್ಕಾರು ಬಂದರುಗಳ ಗಿಲ್‌ನೆಟ್ ದೋಣಿಗಳೊಂದಿಗೆ ಕುಳಿತು, ಎರಡು ಮೀನುಗಾರಿಕಾ ಋತುಗಳ ಪ್ರಯೋಗಕ್ಕೆ ಅವರನ್ನು ಒಪ್ಪಿಸಿ. ಆ ಅವಧಿಯಲ್ಲಿ ಮೀನು ಕಡಿಮೆಯಾದರೆ ನಷ್ಟವನ್ನು ಸರ್ಕಾರ ತುಂಬಿಕೊಡಲಿ.

ಮೀನುಗಾರರ ಬಗ್ಗೆ ಇನ್ನೊಂದು ಮಾತು. ಬಲೆಗೆ ತಿಮಿಂಗಿಲ ಸಿಕ್ಕರೆ ಅವನ ಮನಸ್ಸಿನಲ್ಲಿ ಮೊದಲು ಹುಟ್ಟುವುದು ಹೆದರಿಕೆ. ಮೊದಲ ಪರಿಚ್ಛೇದದ ಪ್ರಾಣಿ, ಹುಲಿಗಿರುವಷ್ಟೇ ಕಠಿಣ ಕಾನೂನು. ಬಿಡಿಸಲು ಹೋದರೆ ಲಕ್ಷಾಂತರ ರೂಪಾಯಿಯ ಬಲೆ ಹೋಗುತ್ತದೆ, ಸುದ್ದಿ ತಿಳಿಸಿದರೆ ಠಾಣೆಗೆ ಅಲೆಯಬೇಕಾದೀತು ಎಂಬ ಅಂಜಿಕೆ. ಆದ್ದರಿಂದ ಅವನು ಸುಮ್ಮನಿರುತ್ತಾನೆ. ಕಾಯಲೆಂದು ಮಾಡಿದ ಕಾನೂನೇ ಹೀಗೆ ಮಾಹಿತಿಯ ಬಾಯಿ ಮುಚ್ಚಿಸುತ್ತಿದೆ. ಮಹಾರಾಷ್ಟ್ರ 2018ರಲ್ಲಿ ಒಂದು ದಾರಿ ತೋರಿಸಿತು: ಸಂರಕ್ಷಿತ ಪ್ರಾಣಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ 25,000 ರೂಪಾಯಿವರೆಗೆ ಪರಿಹಾರ. ಅದಕ್ಕೂ ಮೊದಲು ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಎಂಬ ದೊಡ್ಡ ಮೀನನ್ನು ಕೊಲ್ಲುತ್ತಿದ್ದ ಮೀನುಗಾರರೇ ಮನಸ್ಸು ಬದಲಿಸಿ, ತಮ್ಮ ಬಲೆ ತಾವೇ ಕತ್ತರಿಸಿ ನೂರಾರು ಶಾರ್ಕ್‌ಗಳನ್ನು ಕಡಲಿಗೆ ಮರಳಿ ಬಿಟ್ಟಿದ್ದಾರೆ. ಅಲ್ಲಿ ಲಾಠಿ ಕೆಲಸ ಮಾಡಲಿಲ್ಲ, ಅವರ ಮಾತಿಗೆ ಬೆಲೆ ಕೊಟ್ಟದ್ದು ಕೆಲಸ ಮಾಡಿತು. ಪಶ್ಚಿಮ ಕರಾವಳಿಯ ಎಲ್ಲ ರಾಜ್ಯಗಳಲ್ಲೂ ಒಂದೇ ಪರಿಹಾರ, ಒಂದೇ ದೂರವಾಣಿ ಸಂಖ್ಯೆ ಇರಲಿ. ಆಕಸ್ಮಿಕವಾಗಿ ಸಿಕ್ಕಿದ್ದನ್ನು ತಾನಾಗಿ ತಿಳಿಸಿದವನ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂಬ ಲಿಖಿತ ಭರವಸೆ ಇರಲಿ. ಆಮೇಲೆ ಎಷ್ಟು ಕರೆಗಳು ಬಂದವು ಎಂದು ಎಣಿಸಿ. ಮೊದಲ ವರ್ಷ ಕರೆಗಳ ಸಂಖ್ಯೆ ಹೆಚ್ಚಾದರೆ ಸಾವು ಹೆಚ್ಚಿತೆಂದು ಗಾಬರಿಯಾಗಬೇಡಿ, ಅಷ್ಟು ಜನಕ್ಕೆ ನಿಮ್ಮ ಮೇಲೆ ನಂಬಿಕೆ ಬಂತೆಂದು ತಿಳಿಯಿರಿ.

ಹಡಗುಗಳ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅಲ್ಲಿ ದಾರಿ ಸ್ಪಷ್ಟವಾಗಿದೆ. ಒಂದು ಹಡಗು 15 ನಾಟ್ ವೇಗದಲ್ಲಿ ಗುದ್ದಿದರೆ ದೊಡ್ಡ ತಿಮಿಂಗಿಲ ಸಾಯುವ ಸಂಭವ ನೂರಕ್ಕೆ 80ರ ಹತ್ತಿರ. ಒಂಬತ್ತು ನಾಟ್‌ಗಿಂತ ಕೆಳಗಿಳಿದರೆ ಅದು 20ರ ಆಸುಪಾಸಿಗೆ ಬರುತ್ತದೆ. ನ್ಯೂಜಿಲೆಂಡಿನ ಹೌರಾಕಿ ಕೊಲ್ಲಿಯಲ್ಲಿ ಹಡಗು ಕಂಪನಿಗಳು ಕಾನೂನಿನ ಒತ್ತಾಯವಿಲ್ಲದೆ ತಾವಾಗಿಯೇ ವೇಗ ಇಳಿಸಲು ಒಪ್ಪಿದವು. ಅಲ್ಲಿ ಬ್ರೈಡ್ ತಿಮಿಂಗಿಲಗಳು ಹಡಗಿಗೆ ಸಿಕ್ಕಿ ಸಾಯುವುದು ನಿಂತಷ್ಟೇ ಆಯಿತು. ನಮ್ಮ ನೆರೆಯ ಶ್ರೀಲಂಕಾದ ದಕ್ಷಿಣದಲ್ಲಿ ನೀಲಿ ತಿಮಿಂಗಿಲಗಳಿರುವ ನೀರನ್ನು ಬಿಟ್ಟು, ಜಗತ್ತಿನ ಅತಿ ದೊಡ್ಡ ಕಂಟೇನರ್ ಕಂಪನಿಗಳಲ್ಲೊಂದು 2022ರಲ್ಲಿ ತನ್ನ ಹಡಗುಗಳ ದಾರಿಯನ್ನು 15 ನಾಟಿಕಲ್ ಮೈಲಿಯಷ್ಟು ದಕ್ಷಿಣಕ್ಕೆ ಸರಿಸಿತು. ನಮ್ಮ ಪಶ್ಚಿಮ ತೀರದಲ್ಲಿ ಹೊಸ ಬಂದರುಗಳು ಏಳುತ್ತಿವೆ, ಹಳೆಯವು ಹಿಗ್ಗುತ್ತಿವೆ. ಪ್ರತಿ ಬಂದರಿನ ಪರಿಸರ ಅನುಮತಿಯಲ್ಲೂ ತಿಮಿಂಗಿಲವಿರುವ ತಿಂಗಳುಗಳಲ್ಲಿ ಹಡಗಿನ ವೇಗ ಎಷ್ಟಿರಬೇಕೆಂಬ ಷರತ್ತು ಸೇರಲಿ. ಹಡಗುಗಳು ತಮ್ಮ ಸ್ಥಾನವನ್ನೂ ವೇಗವನ್ನೂ ಸದಾ ಪ್ರಸಾರ ಮಾಡುತ್ತಿರುತ್ತವೆ, ಆದ್ದರಿಂದ ಷರತ್ತು ಪಾಲನೆಯಾಯಿತೇ ಎಂದು ಪರೀಕ್ಷಿಸುವುದು ಕಷ್ಟವಲ್ಲ.

ಇಷ್ಟನ್ನೆಲ್ಲ ಅಳೆಯುವವರು ಯಾರು? ಯೋಜನೆ ನಡೆಸುವವರೇ ಅದರ ಪರೀಕ್ಷಕರಾಗಬಾರದು. ಒಮಾನಿನ ಫೋಟೋ ಭಂಡಾರವನ್ನು ಬಲ್ಲವರು, ನಮ್ಮ ಕಡಲ ಸಸ್ತನಿಗಳ ಅಧ್ಯಯನ ಮಾಡಿದವರು, ಮೀನುಗಾರರ ಸಂಘಗಳ ಪ್ರತಿನಿಧಿಗಳು, ಒಬ್ಬ ಸಂಖ್ಯಾಶಾಸ್ತ್ರಜ್ಞ, ಇವರ ಒಂದು ಚಿಕ್ಕ ಸಮಿತಿ ಸಾಕು. ಯಾವ ಫಲಿತಾಂಶ ಬಂದರೆ ಯೋಜನೆ ಸೋತಿದೆ ಎಂದು ಒಪ್ಪಿಕೊಳ್ಳುತ್ತೇವೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆದಿಡಬೇಕು. ಭಾರತದ ನೀರಿನಲ್ಲಿ ತೆಗೆದ ಪ್ರತಿ ಬಾಲದ ಫೋಟೋ ಒಮಾನ್, ಪಾಕಿಸ್ತಾನಗಳ ಫೋಟೋಗಳ ಜೊತೆ ಹೋಲಿಕೆಯಾಗಬೇಕು. ತಿಮಿಂಗಿಲಕ್ಕೆ ಪಾಸ್‌ಪೋರ್ಟ್ ಇಲ್ಲ, ಅದರ ಲೆಕ್ಕಕ್ಕೂ ಗಡಿ ಇರಬಾರದು. ಗಂಡು ತಿಮಿಂಗಿಲಗಳು ಹಾಡುತ್ತವೆ, ಆ ಹಾಡು ನೀರಿನಲ್ಲಿ ಬಹುದೂರ ಸಾಗುತ್ತದೆ. ಕಾರವಾರದಿಂದ ಕನ್ಯಾಕುಮಾರಿಯವರೆಗೆ ಕೆಲವು ಕಡೆ ಧ್ವನಿಗ್ರಾಹಕಗಳನ್ನು ಇಳಿಸಿದರೆ ಅವು ಯಾವ ತಿಂಗಳು ಎಲ್ಲಿರುತ್ತವೆ ಎಂದು ಅವೇ ನಮಗೆ ತಿಳಿಸುತ್ತವೆ.

ನನ್ನ ಕೋರಿಕೆ ಇಷ್ಟು: ಪ್ರತಿ ವರ್ಷ ನವೆಂಬರ್‌ನಲ್ಲಿ, ಕನ್ನಡವೂ ಸೇರಿದಂತೆ ಕರಾವಳಿಯ ಎಲ್ಲ ಭಾಷೆಗಳಲ್ಲಿ, ಅರಬ್ಬಿ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳ ಲೆಕ್ಕಪತ್ರವನ್ನು ಪ್ರಕಟಿಸಿ. ನವೆಂಬರ್ ಎಂದು ಸುಮ್ಮನೆ ಹೇಳಿದ್ದಲ್ಲ. 1966ರಲ್ಲಿ ಆ ಹಡಗುಗಳು ಬಂದ ತಿಂಗಳು ಅದು, ಲುಬಾನ್ ನಮ್ಮ ಕಡೆಗೆ ಹೊರಡುವ ಮುನ್ನ ಆ ಸಾಧನವನ್ನು ತೊಟ್ಟ ತಿಂಗಳೂ ಹೌದು. ಮೊದಲ ವರ್ಷ ಕಂಡ ತಿಮಿಂಗಿಲ, ಸತ್ತ ತಿಮಿಂಗಿಲ, ಸಾವಿನ ಕಾರಣ, ಇಳಿಸಿದ ಬಲೆ, ಇಳಿದ ವೇಗ ಎಂಬ ಅಂಕಣಗಳಲ್ಲಿ ಬಹುಪಾಲು ಖಾಲಿ ಇದ್ದಾವು. ಇರಲಿ. ಖಾಲಿ ಇರುವಲ್ಲಿ 'ತಿಳಿದಿಲ್ಲ' ಎಂದು ಬರೆದು, ಅದನ್ನು ತುಂಬಬೇಕಾದ ಅಧಿಕಾರಿಯ ಹುದ್ದೆಯ ಹೆಸರನ್ನು ಪಕ್ಕದಲ್ಲಿ ನಮೂದಿಸಿ, ಮುದ್ರಿಸಿ. ಮರುವರ್ಷ ಆ ಪುಟವನ್ನು ತೆರೆದು ನೋಡಲು ನಾನು ಕಾದಿರುತ್ತೇನೆ.

ಗೌರವಪೂರ್ವಕವಾಗಿ,
ಕರಾವಳಿಯ ಒಬ್ಬ ನಾಗರಿಕ